ಕೊಳವೆಯ ಮಾನ

ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ಬಾಯ್ಲರಿಗೆ ನೀರು ಒಯ್ಯುವ ದಪ್ಪನೆಯ ಉಕ್ಕಿನ ಕೊಳವೆಯಿತ್ತು. ಅದರ ತುದಿಯಲ್ಲಿ, ಫಿಲ್ಟರಿಗೆ ಮುಂಚೆ, ಹರಿದು ಬರುವ ನೀರನ್ನು ಪರೀಕ್ಷಿಸುವ ಪುಟ್ಟ ಮಾಪಕ ಕೂತಿತ್ತು. ಒಂದು ದಿನ ಅದು ಗಂಟೆ ಬಾರಿಸಿತು.

"ನೀರಿನಲ್ಲಿ ಕಬ್ಬಿಣ ಬರುತ್ತಿದೆ. ಕೊಳವೆರಾಯರೇ, ನೀವು ಒಳಗೊಳಗೇ ಸವೆಯುತ್ತಿದ್ದೀರಿ."

ಕೊಳವೆ ಕೆರಳಿತು. "ಯಾರ ಬಗ್ಗೆ ಮಾತಾಡುತ್ತಿದ್ದೀಯ? ನಾನು ಉಕ್ಕು! ಮೈಮೇಲೆ ಒಂದು ಗೀರಾದರೂ ಇದೆಯೇ? ಕೆಟ್ಟಿದ್ದರೆ ನೀರು ಕೆಟ್ಟಿರಬೇಕು."

"ಹೌದು, ಕೆಟ್ಟಿದೆ. ಅದಕ್ಕೇ ನಿಮ್ಮನ್ನು ತಿನ್ನುತ್ತಿದೆ," ಎಂದು ಮಾಪಕ ಮತ್ತೆ ಗಂಟೆ ಬಾರಿಸಿತು.

ತಪಾಸಣೆಯವರು ಬರುವ ವಾರ ಅದು. ಗಂಟೆಯ ಸದ್ದಿಗೆ ರೋಸಿಹೋಗಿದ್ದ ಹಿರಿಯ ಎಂಜಿನಿಯರ್ ತಾರಾನಾಥರಿಗೆ ಕೊಳವೆ ದೂರು ಹೇಳಿತು: "ಸ್ವಾಮಿ, ಇದು ನನ್ನ ಮಾನ ಕಳೆಯುತ್ತಿದೆ. ಎಬ್ಬಿಸಿ ಫಿಲ್ಟರಿನ ಆಚೆ ಕೂರಿಸಿ."

"ನನ್ನ ಮಾನವೂ ಉಳಿಯಬೇಕಲ್ಲ ಮಾರಾಯ," ಎಂದರು ತಾರಾನಾಥರು.

"ರೋಗ ಅವರದು, ಎಬ್ಬಿಸುವುದು ನನ್ನನ್ನೇ?" ಎಂದು ಮಾಪಕ ಸಿಡಿಯಿತು. ಯಾರೂ ಕಿವಿಗೊಡದೆ ಅದನ್ನು ಎಬ್ಬಿಸಿ ಫಿಲ್ಟರಿನ ಆಚೆ ಕೂರಿಸಿದರು.

ಫಿಲ್ಟರಿನಲ್ಲಿ ಸೋಸಿ ಬಂದ ನೀರಿನಲ್ಲಿ ಕಬ್ಬಿಣದ ಸುಳಿವೇ ಇರಲಿಲ್ಲ. ಗಂಟೆ ನಿಂತಿತು. ತಪಾಸಣೆಯವರು ಎಲ್ಲರ ಬೆನ್ನು ತಟ್ಟಿ ಹೋದರು.

ಮುಂದಿನ ಬೇಸಿಗೆಯಲ್ಲಿ ಕೊಳವೆಯ ಗೋಡೆ ಹಪ್ಪಳದಷ್ಟು ತೆಳುವಾಗಿ, ಒಂದು ಬೆಳಿಗ್ಗೆ ಒಡೆದೇಹೋಯಿತು. ಕುದಿನೀರು ಚಿಮ್ಮಿತು, ಕೆಲಸಗಾರರು ಹೊರಗೆ ಓಡಿದರು, ಸ್ಥಾವರ ಸ್ತಬ್ಧವಾಯಿತು.

"ಸುಮ್ಮನೆ ಕೂತಿದ್ದೀಯಲ್ಲ, ದ್ರೋಹಿ! ಬಾರಿಸು ಗಂಟೆ!" ಎಂದು ಕೊಳವೆ ಚೀರಿತು.

"ಏಕೆ ಬಾರಿಸಲಿ?" ಎಂದಿತು ಮಾಪಕ. "ನೀವು ಕೂರಿಸಿದ ಜಾಗದಲ್ಲಿ ನೀರು ಈಗಲೂ ಶುದ್ಧವಾಗಿಯೇ ಇದೆ."