ಮರಿದೇವ ಕೂಡಿಟ್ಟುಕೊಂಡ ಕೋಡ್

ಕೇಳಿ ಮಕ್ಕಳೇ, ಕಾಲುವೆಗಳದೇ ಒಂದು ರಾಜ್ಯ ಇತ್ತು. ಅಲ್ಲಿ ಮೂರು ತೂಬು. ತೆರೆಯೋದು, ಮುಚ್ಚೋದು ಎಲ್ಲ ಅರಮನೆಯ ಕಂಪ್ಯೂಟರ್. ಅದಕ್ಕೆ ಕೋಡ್ ಬರೆಯೋರು ಇಬ್ಬರು: ಹಿರಿಯಳು ಸಾವಂತ್ರಮ್ಮ, ಕಿರಿಯ ಮರಿದೇವ. ಇಬ್ಬರ ಕೋಡೂ ಸೇರುವ ಭಂಡಾರ ಒಂದೇ. ಅಲ್ಲಿ ಕಮಿಟ್ ಮಾಡಿದರೆ, ಅಂದರೆ ಬರೆದದ್ದನ್ನು ಸೇರಿಸಿ ದಾಖಲಿಸಿದರೆ, ಯಾರು, ಯಾವಾಗ, ಏನು ಬದಲಿಸಿದರು ಅನ್ನೋದು ಉಳಿಯುತ್ತಿತ್ತು. ಕೆಟ್ಟರೆ ಸರಿಯಿದ್ದ ಹಿಂದಿನ ಕೋಡಿಗೆ ಮರಳಬಹುದಿತ್ತು.

ಮೂರೂ ತೂಬಿನ ಕೋಡನ್ನು ಹೊಸದಾಗಿ ಬರೆಯಲು ರಾಜ ಮರಿದೇವನಿಗೆ ಹೇಳಿದ. ಮೊದಲನೆಯದು ಸರಿಹೋಯಿತು. ಈಗಲೇ ಕಮಿಟ್ ಮಾಡಪ್ಪ ಅಂದಳು ಸಾವಂತ್ರಮ್ಮ. ಮಾಡಲಿಲ್ಲ. ಎರಡನೆಯದೂ ಸರಿಹೋಯಿತು. ಮತ್ತೆ ಹೇಳಿದಳು. ಮಾಡಲಿಲ್ಲ. ಮೂರನೆಯದಕ್ಕೆ ಕೈಹಾಕುವ ಮುಂಚೆಯೂ ಹೇಳಿದಳು. ಎಲ್ಲ ಮುಗಿಸಿ ಒಟ್ಟಿಗೆ ಹಾಕ್ತೀನಿ ಅಕ್ಕಾ ಅಂದ. ಒಳಗಿನ ಮಾತು ಬೇರೆ. ತನ್ನ ಒರಟು ಕೋಡನ್ನು ಅವಳು ನೋಡಿಬಿಟ್ಟಾಳು ಅಂತ ನಾಚಿಕೆ.

ಮೂರನೆಯದನ್ನು ಬರೆಯುವಾಗ ಮೊದಲೆರಡರಲ್ಲೂ ಕೈಯಾಡಿಸಿದ, ಅವೂ ಕೆಟ್ಟವು. ಸರಿಯಿದ್ದಾಗ ಹೇಗಿತ್ತು ಅನ್ನೋದು ನೆನಪಾಗಲಿಲ್ಲ. ಅಷ್ಟರಲ್ಲಿ ರಾಜ ಕೊಟ್ಟಿದ್ದ ಗಡುವು ಬಂತು. ನಲವತ್ತು ದಿನದ ಕೆಲಸವನ್ನು ಪರೀಕ್ಷಿಸದೆ ಒಂದೇ ಸಲ ಕಮಿಟ್ ಮಾಡಿದ. ತೂಬುಗಳು ತೆರೆದವು, ಮುಚ್ಚಲೇ ಇಲ್ಲ. ಕೆಂಚವ್ವ ಅನ್ನುವ ಮುದುಕಿ ಸಸಿ ಬೆಳೆಸಿದ್ದ ಮಡಿ ನೀರಲ್ಲಿ ಕೊಚ್ಚಿಹೋಯಿತು.

ರಾಜ ಇಬ್ಬರನ್ನೂ ಕರೆಸಿ, ಹೀಗೇಕಾಯಿತು ಅಂತ ಕೇಳಿದ.

"ಬುದ್ಧಿ, ಅಕ್ಕನೂ ಈ ನಡುವೆ ಮೂರು ಬದಲಾವಣೆ ಮಾಡಿದ್ದಾರೆ. ಅದರಿಂದಲೇ ಆಗಿರಬೇಕು" ಅಂದ ಮರಿದೇವ.

ಸಾವಂತ್ರಮ್ಮ ವಾದಕ್ಕೆ ನಿಲ್ಲಲಿಲ್ಲ. ಭಂಡಾರವನ್ನು ನಲವತ್ತು ದಿನ ಹಿಂದಕ್ಕೆ ತಿರುಗಿಸಿದಳು. ತೂಬು ತೆರೆದು ಮುಚ್ಚಿತು. ತನ್ನ ಮೊದಲ ಬದಲಾವಣೆ ಸೇರಿಸಿದಳು, ಮುಚ್ಚಿತು. ಎರಡನೆಯದು ಸೇರಿಸಿದಳು, ಮುಚ್ಚಿತು. ಮೂರನೆಯದು ಸೇರಿಸಿದಳು, ಆಗಲೂ ಮುಚ್ಚಿತು. ಆಮೇಲೆ ಮರಿದೇವನದನ್ನು ಸೇರಿಸಿದಳು. ತೂಬು ಬಾಯಿ ತೆರೆದೇ ನಿಂತಿತು.

"ಇದರಲ್ಲಿ ತಪ್ಪು ಎಲ್ಲಿದೆ, ತೋರಿಸು" ಅಂದ ರಾಜ.

ಮರಿದೇವನಿಗೆ ತಲೆ ಎತ್ತಲಾಗಲಿಲ್ಲ. "ನನಗೇ ಗೊತ್ತಿಲ್ಲ ಬುದ್ಧಿ. ಎಲ್ಲ ಕಲಸಿಹೋಗಿದೆ. ಅಕ್ಕನ ಮೇಲೆ ಸುಳ್ಳು ಹೇಳಿದೆ."

ಕೆಂಚವ್ವನ ಮಡಿಯನ್ನು ಅವನೇ ಮತ್ತೆ ಮಾಡಿಕೊಡಬೇಕು ಅಂತ ಅಪ್ಪಣೆಯಾಯಿತು. ಮರುದಿನ ಹೋದ. ನಿನ್ನ ಸಸಿ ಮುಳುಗಿಸಿದವನು ನಾನೇ ಅವ್ವಾ ಅಂದ. ಮುದುಕಿ ಬಯ್ಯಲಿಲ್ಲ. ಅವನು ಕೆಸರು ತುಳಿಯುವುದನ್ನು ಸ್ವಲ್ಪ ಹೊತ್ತು ನೋಡಿ, "ಬಿಸಿಲು ಜೋರಾಗಿದೆ, ತಲೆಗೊಂದು ಬಟ್ಟೆ ಕಟ್ಟಿಕೊ ಮಗಾ" ಅಂದಳು. ರಾಜನ ಸಭೆಯಲ್ಲಿ ಬಾರದಿದ್ದ ಕಣ್ಣೀರು ಅಲ್ಲಿ ಬಂತು.

ಇದರ ನೀತಿ ಇಷ್ಟೇ ಮಕ್ಕಳೇ: ಒಂದು ಸಣ್ಣ ಕೆಲಸ ಸರಿಹೋಯಿತೇ, ಪರೀಕ್ಷಿಸಿ, ಏನು ಮಾಡಿದೆ ಅಂತ ಒಂದು ಸಾಲು ಬರೆದು, ಆಗಲೇ ಕಮಿಟ್ ಮಾಡಿ. ಒರಟಾಗಿದೆ ಅಂತ ಬಚ್ಚಿಡಬೇಡಿ. ನಿಮ್ಮ ತಪ್ಪಿಗೆ ಇನ್ನೊಬ್ಬರ ಹೆಸರು ಹೇಳಬೇಡಿ.