ಸುಂಕಪ್ಪನ ಮಗಳು ಬಿಚ್ಚಿದ ಗಂಟು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲಕ್ಕೆ, ಹೊಳೆದಂಡೆಯ ಒಂದು ಊರಲ್ಲಿ ಸುಂಕಪ್ಪ ಅಂತ ಒಬ್ಬ ಅಂಬಿಗನಿದ್ದನಂತೆ. ಅವನು ಕಟ್ಟಿದ ಹರಿಗೋಲು ಹುಟ್ಟು ಹಾಕದೆಯೇ ಆಚೆ ದಡ ಸೇರುತ್ತಿತ್ತಂತೆ. ಮೊಸಳೆಗಳು ದಾರಿ ಬಿಡುತ್ತಿದ್ದವಂತೆ. ಮೊಸಳೆಯ ಮಾತು ನಾನು ನಂಬುವುದಿಲ್ಲ, ನೀವು ಬೇಕಾದರೆ ನಂಬಿ.

ಒಂದು ವರ್ಷ ಆ ಊರಿಗೆ ವಾಂತಿಭೇದಿ ಬಂದು ಮನೆಮನೆಯಲ್ಲೂ ಹೆಣ ಬಿತ್ತಂತೆ. ಹೆತ್ತವರಿಲ್ಲದ ಮಕ್ಕಳು ಬೀದಿಗೆ ಬಿದ್ದರು. ಯಾರೂ ಹೇಳಲಿಲ್ಲ, ಯಾರೂ ಕೂಲಿ ಕೊಡಲಿಲ್ಲ. ಸುಂಕಪ್ಪನೇ ಅವರನ್ನು ಕರೆದು ದಂಡೆಯ ಮೇಲೆ ಕೂರಿಸಿಕೊಂಡ. ಬಿದಿರು ಸೀಳುವುದು ಕಲಿಸಿದ, ಬುಟ್ಟಿಯಂತೆ ಹೆಣೆಯುವುದು ಕಲಿಸಿದ, ಹೊರಗೆ ತೊಗಲು ಹೊದಿಸಿ ಅಂಚಿಗೆ ಮಿಣಿ ಎಂಬ ತೊಗಲಿನ ಹಗ್ಗದಿಂದ ಬಿಗಿಯುವುದು ಕಲಿಸಿದ.

ಅವನಿಗೆ ಒಬ್ಬಳೇ ಮಗಳು, ಹುಲಿಗೆವ್ವ. ತಾಯಿ ಇಲ್ಲದವಳು. ಅಪ್ಪ ಊಟಕ್ಕೆ ಕೂತರೂ ಬಾಯಲ್ಲಿ ಆ ಮಕ್ಕಳ ಮಾತೇ. ಅದರಲ್ಲೂ ದ್ಯಾಮಿ ಎಂಬ ಹುಡುಗಿಯ ಕೈ ಬಲು ಚೊಕ್ಕ ಅಂತ ಹೊಗಳಿದ್ದೇ ಹೊಗಳಿದ್ದಂತೆ. ಹುಲಿಗೆವ್ವನ ಹೊಟ್ಟೆಗೆ ಬೆಂಕಿ ಬಿತ್ತು. ಬೀಳದೆ ಇರುತ್ತದೆಯೇ? ಅವಳು ಹೆಣೆದದ್ದನ್ನು ಅಪ್ಪ ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ. ಮನೆಮಗಳಲ್ಲವೇ, ಹೇಳುವುದೇನು ಅಂತ ಅವನು ಅಂದುಕೊಂಡಿದ್ದ.

ದ್ಯಾಮಿಯ ಮೊದಲ ಹರಿಗೋಲು ಮುಗಿಯಿತು. ಕಟ್ಟಿದವರೇ ಅದನ್ನು ಮೊದಲು ದಡದ ಹತ್ತಿರ, ಸೊಂಟದ ನೀರಲ್ಲಿ ತೇಲಿಸಬೇಕು. ಅದು ಅಲ್ಲಿಯ ಪದ್ಧತಿ. ಹುಲಿಗೆವ್ವ ನಸುಕಿನಲ್ಲಿ ಹೋಗಿ ಒಂದು ಬದಿಯ ಮಿಣಿಯ ಗಂಟು ಸಡಿಲಿಸಿ ಬಂದಳಂತೆ. ಆ ಹುಡುಗಿ ಊರೆದುರು ಮುಳುಗಿ ಎದ್ದು ನಗೆಪಾಟಲಾಗಲಿ ಅಂತ ಅವಳ ಆಸೆ.

ಆದರೆ ದಂಡೆಯಲ್ಲಿ ಸೇರಿದ ಜನ ಆಡಿಕೊಂಡರು. ದಿಕ್ಕಿಲ್ಲದವರು ಕಟ್ಟಿದ್ದರಲ್ಲಿ ಯಾರು ಹೊಳೆ ದಾಟುತ್ತಾರೆ ಅಂತ ನಕ್ಕರು. ಸುಂಕಪ್ಪನಿಗೆ ಸಿಟ್ಟು ಬಂತು. ಪದ್ಧತಿ ಬದಿಗಿಟ್ಟು ಮಗಳ ಕೈ ಹಿಡಿದ.

"ಇಕಿ ನನ್ನ ಜೀವ. ಇಕಿನ್ನೇ ಇದರಾಗ ಕುಂದ್ರಸ್ತೀನಿ. ಆಚಿ ದಂಡಿ ಮುಟ್ಟಿ ಬರ್ತಾಳ, ನೋಡ್ರಿ" ಅಂದನಂತೆ.

ಹುಲಿಗೆವ್ವ ಅಷ್ಟು ವರ್ಷ ಕಾದ ಮಾತು ಅದು. ಈಗ ಬಾಯಿ ಬಿಟ್ಟರೆ ಆ ಮಾತು ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ. ಅವಳು ಸುಮ್ಮನೆ ಹತ್ತಿ ಕುಳಿತಳು.

ನಡುಹೊಳೆಯಲ್ಲಿ ತೊಗಲು ಜಾರಿ ನೀರು ನುಗ್ಗಿತು. ಕಾಲು ಬಿದಿರಿಗೆ ಸಿಕ್ಕಿ ಅವಳಿಗೆ ಈಜಲಾಗಲಿಲ್ಲ. ಎಲ್ಲರಿಗಿಂತ ಮೊದಲು ಹಾರಿದವಳು ದ್ಯಾಮಿ. ಜಡೆ ಹಿಡಿದು ಎಳೆದು ದಡಕ್ಕೆ ತಂದಳಂತೆ. ಅವಳ ಕೈಕೆಲಸವನ್ನೇ ಬೈಯಲು ಜನ ಬಾಯಿ ತೆರೆದರು.

ಹುಲಿಗೆವ್ವ ಕೆಮ್ಮುತ್ತಲೇ, "ಆಕಿ ಕಟ್ಟಿದ್ದು ಸರಿ ಐತಿ. ಬಿಚ್ಚಿದಾಕಿ ನಾನು" ಅಂದಳಂತೆ.

ಸುಂಕಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹರಿಗೋಲನ್ನು ಎಳೆತರಿಸಿ, ಆ ಗಂಟನ್ನು ಮಗಳ ಕೈಯಿಂದಲೇ ಮತ್ತೆ ಹಾಕಿಸಿದನಂತೆ. ಹಾಕಿ ಮುಗಿಸುವವರೆಗೂ ಅವಳ ಪಕ್ಕ ಬಿಟ್ಟು ಏಳಲಿಲ್ಲವಂತೆ.

ಇಂದಿಗೂ ನಮ್ಮ ದಂಡೆಯಲ್ಲಿ ಪರರ ಮಕ್ಕಳು ಕಲಿತು ಕಟ್ಟಿದ ಹರಿಗೋಲಿಗೆ ಕೊನೆಯ ಗಂಟು ಹಾಕುವುದು ಕಲಿಸಿದವನ ಸ್ವಂತ ಮಗ, ಇಲ್ಲವೇ ಮಗಳು. ನಮ್ಮಪ್ಪನ ಶಿಷ್ಯರಿಗೆ ನಾನೂ ಹನ್ನೊಂದು ಹಾಕಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿದಿದೆ. ಗಂಟು ಮಾತ್ರ ಬಿಗಿಯಾಗಿಯೇ ಹಾಕಿದ್ದೇನೆ.