ಮಾರಕ್ಕನ ಭುಜಕ್ಕೆ ಕೂತ ಬಂದೂಕು

ತುಂಗಭದ್ರೆಯ ದಂಡೆಯಲ್ಲಿ, ಬಂಡೆಗುಡ್ಡದ ಮಗ್ಗುಲಿಗೆ, ಓಬಯ್ಯ ಎಂಬ ಗುರುಗಳಿದ್ದರು. ಬಂದೂಕಿನ ವಿದ್ಯೆಯಲ್ಲಿ ಆ ಸೀಮೆಗೆಲ್ಲ ಅವರೇ ದೊಡ್ಡವರು.

ಕಲಿಯಲು ಬಂದವರ ಕೈಗೆ ಅವರು ಮೊದಲು ಬಂದೂಕು ಕೊಡುತ್ತಿರಲಿಲ್ಲ. ಬೂರುಗದ ಮರದ ತುಂಡು, ಒಂದು ಉಳಿ ಕೊಟ್ಟು, ಪಾರಿವಾಳ ಕೆತ್ತು ಅನ್ನುತ್ತಿದ್ದರು. ಹೊಲದಲ್ಲಿ ತನ್ನವರು ಮೇಯುವುದನ್ನು ಕಂಡರೆ ಹಾರುವ ಹಿಂಡು ನಂಬಿ ಕೆಳಗಿಳಿಯುತ್ತದೆ. ಹಾಗೆ ಇಳಿಸುವುದಕ್ಕೆ ಈ ಮರದ ಹಕ್ಕಿಗಳು.

ಬಹಳ ಜನ ಕೆತ್ತಿ ಕೆತ್ತಿ ಬೇಸತ್ತು ಊರಿಗೆ ಮರಳಿದರು. ಮಾರಕ್ಕ ಉಳಿದಳು.

ಗಿಡ್ಡ ಆಳು, ಗಟ್ಟಿ ಮನಸ್ಸಿನ ಹೆಣ್ಣು. ಗುರುಗಳೆಂದರೆ ಅವಳಿಗೆ ಅಷ್ಟು ಭಕ್ತಿ. ಅವರು ಕೂತ ಹಾಗೆ ಕೂರುವಳು, ಅವರು ನಡೆದ ಹಾಗೆ ನಡೆಯುವಳು. ಗುರಿ ಹಿಡಿಯುವಾಗ ಅವರ ತಲೆ ಬಲಕ್ಕೆ ವಾಲುತ್ತಿತ್ತು. ಮಾರಕ್ಕನೂ ವಾಲಿಸುತ್ತಿದ್ದಳು.

ಆ ವರ್ಷ ಊರವರು ಕಡಲೆ ಬಿತ್ತಿದ್ದೇ ತಡ, ಗುಡ್ಡದ ಪಾರಿವಾಳಗಳು ಇಳಿದು ಬೀಜವನ್ನೆಲ್ಲ ಹೆಕ್ಕಿ ತಿಂದವು. ಜನ ಮತ್ತೆ ಬಿತ್ತಿದರು. ಅದನ್ನೂ ತಿಂದುಹೋದರೆ ಇನ್ನೊಮ್ಮೆ ಬಿತ್ತಲು ಯಾರ ಮನೆಯಲ್ಲೂ ಬೀಜ ಇರಲಿಲ್ಲ.

ಹಿರಿಯರು ಗುರುಗಳ ಹತ್ತಿರ ಬಂದು ಕೈಮುಗಿದರು. ಮಾರಕ್ಕ ಬರುತ್ತಾಳೆ ಅಂದರು ಗುರುಗಳು. ಹಿರಿಯರು ಮುಖ ಮುಖ ನೋಡಿಕೊಂಡರು. ಗುರುಗಳು ಒಳಗಿನಿಂದ ತಮ್ಮ ಜೋಡುನಳಿಗೆ ಬಂದೂಕು ತಂದು ಅವಳ ಕೈಗಿಟ್ಟರು.

ಮಾರಕ್ಕ ಕೆತ್ತಿಟ್ಟಿದ್ದ ಪಾರಿವಾಳಗಳಿಗೆಲ್ಲ ಬಣ್ಣ ಹಚ್ಚಿದಳು. ಕುತ್ತಿಗೆಗೆ ಹಸಿರು ಮಿಂಚು, ರೆಕ್ಕೆಗೆ ಕಪ್ಪು ಪಟ್ಟೆ, ಮೇಲೆ ಎಣ್ಣೆಯ ಹೊಳಪು. ಕೈಯಲ್ಲಿ ಹಿಡಿದರೆ ಈಗ ಗುಟುರು ಹಾಕೀತು ಅನ್ನಿಸುವಷ್ಟು ಚೆಂದ. ಹೊಲದಲ್ಲಿ ಸಾಲಾಗಿ ಇಟ್ಟು ಬೇಲಿಯ ಮರೆಗೆ ಕೂತಳು.

ಹಿಂಡು ಬಂತು. ಒಂದು ಸುತ್ತು ಹಾಕಿ ಪಕ್ಕದ ಹೊಲಕ್ಕೆ ಹೋಯಿತು.

"ಯಾರಿಗೆಂದು ಮಾಡಿದೆ ಇವನ್ನು?" ಜೊತೆಗೆ ಬಂದು ಕೂತಿದ್ದ ಗುರುಗಳು ಕೇಳಿದರು.

"ಪಾರಿವಾಳಗಳಿಗೆ."

"ಅವು ಎಲ್ಲಿಂದ ನೋಡುತ್ತವೆ?"

ಮಾರಕ್ಕ ಎದ್ದಳು. ಹೊಲದ ಅಂಚಿನ ದೊಡ್ಡ ಬಂಡೆ ಹತ್ತಿ ಕೆಳಗೆ ನೋಡಿದಳು. ಅವಳ ಚೆಂದದ ಹಕ್ಕಿಗಳು ಬಿಸಿಲಿಗೆ ತಗಡಿನ ಹಾಗೆ ಫಳಫಳ ಹೊಳೆಯುತ್ತ, ಕವಾಯತಿಗೆ ನಿಂತ ಪೊಲೀಸರ ಹಾಗೆ ಸಾಲಾಗಿ ನಿಂತಿದ್ದವು. ಇಷ್ಟು ದಿನದ ಕೆಲಸವೆಲ್ಲ ತನ್ನ ಕಣ್ಣಿಗೆಂದೇ ಮಾಡಿಕೊಂಡದ್ದು ಎಂದು ಅವಳಿಗೆ ತಿಳಿಯಿತು.

ಇಳಿದು ಬಂದು, ತಾನೇ ಬೂದಿ ಕಲಸಿ ಒಂದೊಂದಕ್ಕೂ ಬಳಿದಳು. ಅವುಗಳ ಮುಖವೆಲ್ಲ ಗಾಳಿ ಬರುವ ಕಡೆ ತಿರುಗಿಸಿ, ಮೇಯುವ ಹಕ್ಕಿಗಳ ಹಾಗೆ ಚದುರಿಸಿಟ್ಟಳು. ಬರುವವು ಇಳಿಯಲಿ ಎಂದು ನಡುವೆ ಜಾಗ ಬಿಟ್ಟಳು. ಗುರುಗಳು ನೋಡಿ ತಲೆಯಾಡಿಸಿದರು.

ಹಿಂಡು ಮತ್ತೆ ಬಂತು. ಈ ಸಲ ರೆಕ್ಕೆ ಅಗಲಿಸಿ ಇಳಿಯತೊಡಗಿತು.

ಮಾರಕ್ಕ ಬಂದೂಕು ಎತ್ತಿದಳು. ಭುಜಕ್ಕೊತ್ತುವ ಹಿಡಿಯ ತುದಿ ಕಂಕುಳಲ್ಲಿ ಸಿಕ್ಕಿಕೊಂಡಿತು. ಬಿಡಿಸಿ, ಕುತ್ತಿಗೆ ಮುಂದೆ ಚಾಚಿ, ತಲೆ ವಾಲಿಸಿ ಹೊಡೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಒಂದೇ ಒಂದು ಹಕ್ಕಿ ಚರೆಗುಂಡು ತಾಗಿ, ಓಲಾಡುತ್ತ ಹಾರಿ ಜಾಲಿಯ ಪೊದೆಯೊಳಗೆ ಬಿತ್ತು.

ಗುರುಗಳು ಎದ್ದು ಪೊದೆಯೊಳಗೆ ನುಗ್ಗಿದರು. ಮುಳ್ಳು ತರಚಿ ಮೈ ಕೈ ರಕ್ತವಾದರೂ ಈಚೆ ಬರಲಿಲ್ಲ. ಸಂಜೆಯ ಹೊತ್ತಿಗೆ ಆ ಹಕ್ಕಿ ಸಿಕ್ಕಿತು. ಅದರ ನೋವು ಮುಗಿಸಿ, ಮಣ್ಣು ಮಾಡಿ, ಕೈ ತೊಳೆದುಕೊಂಡರು. ಅವಳನ್ನು ಒಂದು ಮಾತೂ ಅನ್ನಲಿಲ್ಲ.

ಮಾರಕ್ಕನಿಗೆ ಊಟ ಸೇರಲಿಲ್ಲ. ಕಣ್ಣು ತಪ್ಪಿತೋ ಕೈ ನಡುಗಿತೋ ಹೇಳಿ ಎಂದು ಕೇಳಿಕೊಂಡಳು. ಬೆಳಗಾಗಲಿ, ನೋಡೋಣ ಅಂದರು.

ಬೆಳಗ್ಗೆ ಗುರುಗಳು ಬಂದೂಕನ್ನು ತೆರೆದು, ನಳಿಗೆಗಳಲ್ಲಿ ಬೆಳಕು ಹಾಯುವುದನ್ನು ತಾವು ನೋಡಿ, ಅವಳಿಗೂ ತೋರಿಸಿದರು. ಖಾಲಿ ಎಂದು ಅವಳ ಬಾಯಿಂದಲೇ ಹೇಳಿಸಿದರು. ಆಮೇಲೆ ಹೋಗಿ ಅವಳೆದುರು ನಿಂತರು.

"ಕಣ್ಣು ಮುಚ್ಚು. ಬಂದೂಕು ಎತ್ತು. ಎತ್ತಿ ಆದ ಮೇಲೆ ಕಣ್ಣು ಬಿಟ್ಟು ನನ್ನ ಕಣ್ಣು ನೋಡು."

"ನಿಮ್ಮ ಮೇಲೆ ಎತ್ತಲಾರೆ, ಗುರುಗಳೇ."

"ಎದುರಿಗೆ ನಿಲ್ಲದೆ ನಿನ್ನನ್ನು ಹೇಗೆ ನೋಡಲಿ?"

ಅವಳು ಕಣ್ಣು ಮುಚ್ಚಿ ಎತ್ತಿದಳು. ಕಣ್ಣು ಬಿಟ್ಟರೆ ಗುರುಗಳು ನಳಿಗೆಯ ಒಂದು ಪಕ್ಕಕ್ಕಿದ್ದರು.

"ನಿನ್ನ ಕಣ್ಣು ನಳಿಗೆಯ ಮೇಲಿಲ್ಲ" ಅಂದರು ಅವರು.

ಮಾರಕ್ಕ ಕೂಡಲೇ ಕುತ್ತಿಗೆ ಚಾಚಿ ತಲೆ ಬಲಕ್ಕೆ ವಾಲಿಸಿದಳು. ಗುರುಗಳ ಕಣ್ಣು ನೇರ ಕಂಡಿತು. "ಈಗ ಸರಿಯಾಯಿತು" ಅಂದಳು.

"ಈಗ ನಿನ್ನ ಜಾಗದಲ್ಲಿ ನಿಂತಿರುವುದು ನಾನು. ಬಂಡೆಯಿಂದ ಬಿದ್ದು ನನ್ನ ಕುತ್ತಿಗೆ ಹೀಗಾಯಿತು. ನಿನ್ನ ಕುತ್ತಿಗೆಗೆ ಏನಾಗಿದೆ?"

ಮಾರಕ್ಕ ಬಂದೂಕು ಇಳಿಸಿದಳು.

ಗುರುಗಳು ಒಳಗೆ ಹೋಗಿ ಗರಗಸ ತಂದರು. ಬಂದೂಕನ್ನು ಕಲ್ಲಿನ ಮೇಲೆ ಅಡ್ಡಲಾಗಿಟ್ಟು, ಅವಳ ತೋಳಿಗೆ ಉದ್ದವಾಗಿದ್ದ ಮರದ ಹಿಡಿಗೆ ಗರಗಸದ ಹಲ್ಲು ಹಚ್ಚಿದರು.

ಮಾರಕ್ಕ ಅವರ ಕೈ ಹಿಡಿದುಕೊಂಡಳು. "ಇದು ನಿಮ್ಮ ಗುರುಗಳು ಕೊಟ್ಟದ್ದು. ಕೊಯ್ದರೆ ನಿಮ್ಮ ಕೈಗೆ ಮತ್ತೆ ಬರುವುದಿಲ್ಲ. ನಾನೇ ಇದಕ್ಕೆ ಒಗ್ಗಿಕೊಳ್ಳುತ್ತೇನೆ."

"ಒಗ್ಗಿಕೊಂಡದ್ದರ ಫಲ ನಿನ್ನೆ ಜಾಲಿಯೊಳಗೆ ಹುಡುಕಿದೆನಲ್ಲ" ಅಂದರು ಗುರುಗಳು.

ಅವಳು ಕೈ ಬಿಟ್ಟಳು. ಅವರು ಕೊಯ್ದರು.

ಅರ ಹಾಕಿ, ಕೆನ್ನೆ ತಾಗುವ ಕಡೆ ತುಸು ತುಸುವೇ ಹೆರೆದು, ಪ್ರತಿ ಸಲವೂ ಎದುರಿಗೆ ಹೋಗಿ ನಿಂತು ನೋಡಿದರು. ಬಿಸಿಲು ಏರುವ ಹೊತ್ತಿಗೆ, ಅವಳು ಕಣ್ಣು ಮುಚ್ಚಿ ಎತ್ತಿ, ತಲೆ ನೆಟ್ಟಗೇ ಇಟ್ಟುಕೊಂಡು ಕಣ್ಣು ಬಿಟ್ಟರೆ, ನಳಿಗೆಯ ತುದಿಯಲ್ಲಿ ಗುರುಗಳ ಕಣ್ಣಿತ್ತು. ಅದು ನಗುತ್ತಿತ್ತು.

ಅವತ್ತು ಇಳಿಬಿಸಿಲಿಗೆ ಹಿಂಡು ಬಂದಾಗ ಬಂದೂಕು ತಾನಾಗಿ ಕೆನ್ನೆಗೆ ಬಂತು. ಮುಂದಿದ್ದ ಹಕ್ಕಿಗಳು ಅಲ್ಲೇ ಬಿದ್ದವು. ಗಾಯಗೊಂಡು ಹಾರಿದ್ದು ಒಂದೂ ಇಲ್ಲ. ಉಳಿದ ಹಿಂಡು ಹೊಳೆ ದಾಟಿ ಹೋಯಿತು, ಆ ಹಂಗಾಮಿನಲ್ಲಿ ಮತ್ತೆ ಈ ದಂಡೆಗೆ ಬರಲಿಲ್ಲ. ಕಡಲೆ ಮೊಳೆತು ಹೊಲವೆಲ್ಲ ಹಸಿರಾಯಿತು.

ಓಬಯ್ಯನವರ ಹಾಗಲ್ಲ, ಇವಳು ಹೊಡೆಯುವ ರೀತಿಯೇ ಬೇರೆ ಎಂದು ಊರವರು ಮಾತಾಡಿಕೊಂಡರು. ಒಂದು ಕಾಲಕ್ಕೆ ಈ ಮಾತು ಮಾರಕ್ಕನಿಗೆ ಚುಚ್ಚುತ್ತಿತ್ತು. ಈಗ ಚುಚ್ಚಲಿಲ್ಲ.

ಒಂದೇ ಒಂದು ಸಂಕಟ ಉಳಿದಿತ್ತು. ಬಂದೂಕನ್ನು ಒರೆಸಿ ಗುರುಗಳ ಮುಂದಿಟ್ಟು, ಒಮ್ಮೆ ಎತ್ತಿ ನೋಡಿ ಎಂದಳು. ಗುರುಗಳು ಎತ್ತಿದರು. ಮೊಣಕೈ ಮಡಚಿ ಎದೆಗೆ ಒತ್ತಿತು. ಗುರಿ ಹಿಡಿಯಲು ಬರಲಿಲ್ಲ.

ಅವಳ ಕಣ್ಣು ತುಂಬಿತು. ನನ್ನಿಂದಾಗಿ ನಿಮ್ಮ ಗುರುಗಳ ಬಂದೂಕು ಕೆಟ್ಟುಹೋಯಿತು ಅಂದಳು.

ಓಬಯ್ಯನವರು ಬಂದೂಕನ್ನು ಅವಳ ಕೈಗೇ ಮರಳಿಸಿದರು.

"ನನ್ನ ಗುರುಗಳು ನನಗಿಂತ ಎತ್ತರದವರು, ಮಗಳೇ. ಇದು ನನ್ನ ಕೈಗೆ ಬರುವಾಗಲೂ ಗರಗಸ ಕಂಡೇ ಬಂದದ್ದು."